ಬುಧವಾರದ ಡಾಕ್ಟರ್ ಬಾಯಿ

ಆ ಬುಧವಾರ ಬೆಳಿಗ್ಗೆ ನಮ್ಮವರನ್ನು ಲೋಕಲ್ ಟ್ರೇನಿಗೆ ಕಳುಹಿಸಿ, ಮನೆ ಮುಂದಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದೆ. ಆಂಟಾಪ್ ಹಿಲ್ಲಿನಲ್ಲಿ ಒಂದೊಂದೇ ಕೋಣೆಯ ಸಾಲುಮನೆಗಳ ನಮ್ಮ ಚಾಳಿಗೆ ಕಾಲೇಜಿನ ಡಾಕ್ಟರಮ್ಮ, ನಾವೆಲ್ಲ ಡಾಕ್ಟರ್ ಬಾಯಿ ಅನ್ನುತ್ತಿದ್ದವರು, ವಾರಕ್ಕೊಮ್ಮೆ ಮೆಡಿಕಲ್ ವಿದ್ಯಾರ್ಥಿಗಳನ್ನು ಕರೆತರುತ್ತಿದ್ದರು. ಹುಡುಗರು ಮನೆಮನೆ ಸುತ್ತಿ ಬಂದ ಮೇಲೆ ಅದೇ ಮನೆಗಳಿಗೆ ತಾವೊಬ್ಬರೇ ಹೋಗಿ, ಸೆರಗಿನಿಂದ ಕನ್ನಡಕ ಒರೆಸುತ್ತ ಕೇಳುವರು: "ಹುಡುಗ ಏನು ಹೇಳಿದ? ನಿಮ್ಮ ಮಾತಲ್ಲಿ ಹೇಳಿ."

ಪಕ್ಕದ ಮನೆಯ ವಿಜಾಪುರದಾಕೆಯ ಮಗುವಿಗೆ ಭೇದಿ ಹತ್ತಿತ್ತು.

"ನೀರು ಕುದಿಸಿ ಕೊಡು ಅಂದಾನ್ರಿ. ಭಾಳ ಶಾಣ್ಯಾ ಹುಡುಗ," ಅಂದಳು.

"ಕುದಿಸ್ತೀರಾ?"

"ಸೀಮಿಎಣ್ಣಿ ಎಲ್ಲೈತ್ರಿ ಬಾಯಿ? ಹೂಂ ಅಂದು ಕಳಿಸಿದೆ."

ಬಾಯಿ ಕೆಳಗಿಳಿದಿದ್ದ ಹುಡುಗನನ್ನು ಮತ್ತೆ ಕರೆಸಿದರು. "ಸ್ಟವ್ ಮುಂದೆ ಕೂತು ಕೇಳಪ್ಪಾ." ಅವನು ಮುಖ ಸಿಂಡರಿಸಿಕೊಂಡೇ ಕುಳಿತ. ಕೊನೆಗೆ, ಅನ್ನ ಇಳಿಸಿದ ಮೇಲೆ ಅದೇ ಉರಿಯಲ್ಲಿ ಮಗುವಿಗೆಂದು ಒಂದೇ ತಂಬಿಗೆ ನೀರು ಕುದಿಸುವುದೆಂದು ಇಬ್ಬರೂ ಒಪ್ಪಿದರು.

ನನ್ನಲ್ಲಿ ಚಹಾ ಕುಡಿಯುವಾಗ ಬಾಯಿ ಹೇಳಿದರು: "ಇದೇ ಕೊನೆ ಬುಧವಾರ. ಚಾಳಿನಲ್ಲಿ ಹೊತ್ತು ಹಾಳು ಅಂತ ಹುಡುಗರು ಕಾಲೇಜಿಗೆ ದೂರು ಕೊಟ್ಟರು. ಇನ್ನು ಪಾಠವೆಲ್ಲ ಆಸ್ಪತ್ರೆ ವಾರ್ಡಿನಲ್ಲೇ."

ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ. ಕುಡಿದು, ಲೋಟ ತಾವೇ ತೊಳೆದಿಟ್ಟರು. ಹುಡುಗರು ಕಾಯದೆ ಬಸ್ಸು ಹತ್ತಿ ಹೋಗಿದ್ದರು. ಬಾಯಿ ಒಬ್ಬರೇ ಸ್ಟಾಪಿನ ಕಡೆ ನಡೆದದ್ದನ್ನು ಗ್ಯಾಲರಿಯಿಂದ ನೋಡಿದೆ.

ಸಂಜೆ ಪಕ್ಕದಾಕೆಗೆ ವಿಷಯ ಹೇಳಿದೆ. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು, "ಹೌದೇನ್ರಿ? ಚಲೋ ಆತು ಬಿಡ್ರಿ. ಇನ್ನ ಬುಧವಾರ ಬಾಗ್ಲಾ ಹಾಕ್ಕೊಂಡು ಆರಾಮ ತಲಿ ಎರಕೊಬಹುದು," ಅಂದಳು.