ಫ್ಯೂಸಣ್ಣನ ಜೇಬು

ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ನಮ್ಮ ಮೇಜುಗಳ ಮೇಲೆ ರಾಶಿ ಬಿದ್ದಿದ್ದ ದಿನವೇ ಉಪಾಧ್ಯಾಯರ ಕೊಠಡಿಯ ಫ್ಯಾನು ಮುಷ್ಕರ ಹೂಡಿತು. ಅದನ್ನು ಸರಿಮಾಡಲು ಬಂದ ಎಲೆಕ್ಟ್ರಿಷಿಯನ್ನರನ್ನು ನಾನು ಅಂದೇ ಮೊದಲು ಕಂಡದ್ದು. ಅವರು ಏಣಿಯ ಕಡೆ ನೋಡಲಿಲ್ಲ. ಮೇನ್ ಸ್ವಿಚ್ಚು ಆರಿಸಿ, ಬಿಳಿಯ ಪಿಂಗಾಣಿ ಫ್ಯೂಸನ್ನು ಕಿತ್ತು, ಅಂಗಿಯ ಜೇಬಿಗೆ ಹಾಕಿ ಗುಂಡಿ ಬಿಗಿದುಕೊಂಡರು.

"ಅದನ್ಯಾಕೆ ಜೇಬಿಗೆ ಹಾಕ್ಕೊಂಡ್ರಿ? ಜವಾನನ್ನ ಬೋರ್ಡ್ ಹತ್ರ ನಿಲ್ಸಿದೀನಲ್ಲ," ಎಂದರು ಮುಖ್ಯೋಪಾಧ್ಯಾಯರು.

"ಅವ್ರು ಒಳ್ಳೇವ್ರೇ ಸಾರ್. ಆದ್ರೆ ನೀವು ಕೂಗಿದ್ರೆ ಓಡಿಬಿಡ್ತಾರೆ. ಫ್ಯೂಸು ಓಡಲ್ಲ."

ಫ್ಯಾನಿಗೆ ಹೊಸ ಕಂಡೆನ್ಸರ್ ತರಲು ಹೋದವರು ಎಷ್ಟು ಹೊತ್ತಾದರೂ ಹಿಂದಿರುಗಲಿಲ್ಲ. ಅವರೊಡನೆ ನಮ್ಮ ಫ್ಯೂಸೂ ಹೋಗಿತ್ತು. ದೀಪವಿಲ್ಲ, ಗಂಟೆಯಿಲ್ಲ, ನೀರಿನ ಪಂಪಿಲ್ಲ. ಕೊನೆಗೆ ನಾನೇ ಅವರ ಮನೆ ಹುಡುಕಿಕೊಂಡು ಹೊರಟೆ.

ಬಾಗಿಲು ತೆರೆದ ಅವರ ಹೆಂಡತಿ ನನ್ನ ತೋಳಿನ ಸೀಮೆಸುಣ್ಣ ನೋಡಿ, "ಫ್ಯೂಸಿಗೆ ಬಂದ್ರಾ ಮೇಷ್ಟ್ರೇ? ಕೂತ್ಕೊಳ್ಳಿ. ಹೋದ ವಾರ ಬೇಕರಿಯವ್ರು ಬಂದಿದ್ರು," ಎಂದರು. ಜೇಬಿನ ಫ್ಯೂಸು ಮರೆತದ್ದಕ್ಕೆ ನಾಲಗೆ ಕಚ್ಚಿಕೊಂಡು ಒಳಗಿನಿಂದ ಬಂದವರಿಗೆ ನಮ್ಮ ಶಾಲೆಯಲ್ಲಿ ಅಂದಿನಿಂದ ಫ್ಯೂಸಣ್ಣನೆಂಬ ಹೆಸರು ನಿಂತಿತು.

ಫ್ಯೂಸನ್ನು ಜೇಬಿಗಿಡುವ ಕಾರಣ ಚಹಾ ಕುಡಿಯುವಾಗ ತಿಳಿಯಿತು. ಮದುವೆಯಾದ ಮರುವರ್ಷ, ಒಂದು ಹೋಟೆಲಿನಲ್ಲಿ ಅವರು ಏಣಿಯ ಮೇಲಿದ್ದಾಗ ಯಾರೋ ಸ್ವಿಚ್ಚು ಹಾಕಿದ್ದರು. ಬಿದ್ದು ಭುಜದ ಮೂಳೆ ಮುರಿದಿತ್ತು.

"ಯಾರು ಹಾಕಿದ್ದು?" ಎಂದೆ.

"ಯಾರಾದ್ರೇನು ಮೇಷ್ಟ್ರೇ. ಹಾಕೋ ಹಾಗೆ ಬಿಟ್ಟು ಹತ್ತಿದ್ದು ನಾನು."

"ಕರೆಂಟಿಂದ ಇನ್ನೊಂದ್ಸಲ ಏನಾದ್ರೂ ಆದ್ರೆ ಈ ಕೆಲ್ಸ ಬಿಟ್ಟು ನಮ್ಮಣ್ಣನ ಬಟ್ಟೆ ಅಂಗಡೀಲಿ ಕೂರ್ತೀನಿ ಅಂತ ಮಾತು ಕೊಟ್ಟಿದಾರೆ," ಎಂದರು ಹೆಂಡತಿ. ಭಾವನ ಅಂಗಡಿಯ ಹೆಸರೆತ್ತಿದೊಡನೆ ಫ್ಯೂಸಣ್ಣನ ಮುಖ ಕಷಾಯ ಕುಡಿದವರಂತಾಯಿತು.

ಕೆಲಸದ ಜಾಗದಲ್ಲಿ ಆ ಮಾತಿಗೆ ಎಂದೂ ಚ್ಯುತಿ ಬರಲಿಲ್ಲ. ಬಂದದ್ದು ಮನೆಯಲ್ಲಿ. ಆಕೆ ಬಟ್ಟೆ ಹೊಲಿಯುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ವೈರು ಸೀಳಿಹೋಗಿತ್ತು. ಇವರು ಟೇಪು ಸುತ್ತಿ, "ನಾಳೆ ಬದಲಾಯಿಸ್ತೀನಿ" ಎಂದು ತಿಂಗಳು ಕಳೆದಿದ್ದರು. ಹೊಲಿಯಲು ಕೊಟ್ಟಿದ್ದ ಪ್ಯಾಂಟು ತರಲು ನಾನು ಹೋದ ದಿನ, ಆಕೆ ಸುಟ್ಟ ಕಾಲನ್ನು ನೀರಿನ ಬೋಗುಣಿಯಲ್ಲಿಟ್ಟು ಕುಳಿತಿದ್ದರು. ಶಾಕ್ ಹೊಡೆದು ಪೆಟ್ಟಿಗೆ ಕಾಲಿನ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಫ್ಯೂಸಣ್ಣ ಬಂದು ಸ್ವಿಚ್ಚು ಒತ್ತಿದರು, ದೀಪ ಹತ್ತಲಿಲ್ಲ.

"ಫ್ಯೂಸೆಲ್ಲಿ?"

"ನನ್ನ ಹತ್ರ ಇದೆ. ಬೇಕರಿಯವ್ರಿಗೆ ನಿಮ್ಮ ಹುಷಾರು, ನಮಗೆ ನಿಮ್ಮ ನಾಳೆ. ಅಲ್ವಾ ಮೇಷ್ಟ್ರೇ?"

ನಾನು ಪ್ಯಾಂಟಿನ ಹೊಲಿಗೆಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದೆ.

ಅವರು ಹೆಂಡತಿಯ ಕಾಲು ನೋಡಿದರು. ತಾವೇ ಸುತ್ತಿದ್ದ ಟೇಪು ನೋಡಿದರು. ಹೆಗಲ ಚೀಲವನ್ನು ನೆಲಕ್ಕಿಳಿಸಿ, "ಕೊಟ್ಟ ಮಾತು ಕೊಟ್ಟಿದ್ದೇ. ಸೋಮವಾರದಿಂದ ಬರ್ತೀನಿ ಅಂತ ನಿಮ್ಮಣ್ಣಂಗೆ ಹೇಳು," ಎಂದರು. ಧ್ವನಿಯಲ್ಲಿ ಮುನಿಸಿರಲಿಲ್ಲ.

ಆಕೆ ಇದನ್ನು ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ. "ಅಂಗಡಿ ಎಲ್ಲೂ ಓಡಿಹೋಗಲ್ಲ. ಮೊದ್ಲು ಈ ಮನೆ ಕೆಲ್ಸ ಮುಗಿಸಿ. ನನಗೆ ಒಪ್ಪಿಗೆ ಆದ್ರೆ ಫ್ಯೂಸು ಕೊಡ್ತೀನಿ," ಎಂದರು.

ಮೂರು ದಿನ ಆ ಮನೆ ಮೇಣದ ಬತ್ತಿಯಲ್ಲಿ ನಡೆಯಿತು. ಫ್ಯೂಸಣ್ಣ ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸದನ್ನು ಎಳೆದರು, ಅರ್ಥಿಂಗ್ ಕೊಟ್ಟರು, ಶಾಕ್ ಹೊಡೆದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚನ್ನೂ ಕೂಡಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಆಕೆ ಕುಂಟುತ್ತ ಒಂದೊಂದು ಪ್ಲಗ್ಗನ್ನೂ ಅಲುಗಾಡಿಸಿ ನೋಡಿದರು, ಎರಡು ಕಡೆ ತಕರಾರು ತೆಗೆದರು, ಅದನ್ನೂ ಮಾಡಿಸಿಕೊಂಡರು. ಆಮೇಲೆ ಫ್ಯೂಸು ಕೈಗಿತ್ತು, "ಕೆಲ್ಸಕ್ಕೆ ಹೊತ್ತಾಯ್ತು, ಹೊರಡಿ," ಎಂದರು. ಅಣ್ಣನಿಗೆ ಸುದ್ದಿಯೇ ಮುಟ್ಟಲಿಲ್ಲ.

ಈಗ ಫ್ಯೂಸಣ್ಣನಿಗೆ ಅರವತ್ತು ದಾಟಿದೆ. ಎರಡು ವರ್ಷದ ಹಿಂದೆ, ಮೂರನೆಯ ಮೆಟ್ಟಿಲಿನಲ್ಲಿ ಮೊಣಕಾಲು ನಡುಗಿತೆಂದು ಆ ದಿನವೇ ಏಣಿಯನ್ನು ಮಾರಿಬಿಟ್ಟರು. ಬೇಸರವಾಗಲಿಲ್ಲವೇ ಎಂದು ಕೇಳಿದರೆ, "ಬೇರೆಯವ್ರು ಹೇಳೋ ಮುಂಚೆ ನಾನೇ ಇಳಿದೆ, ಅಷ್ಟೇ ಮೇಷ್ಟ್ರೇ," ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಕುಳಿತು ಊರಿನ ಮಿಕ್ಸಿಗಳನ್ನು ರಿಪೇರಿ ಮಾಡುತ್ತಾರೆ. ಮೊನ್ನೆ ನಾನು ಹೋದಾಗ ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದು ಟೇಬಲ್ ಫ್ಯಾನಿಗೆ ಎಣ್ಣೆ ಬಿಡುತ್ತಿದ್ದರು. ಎದುರಿಗೆ ಕುಳಿತ ಹೆಂಡತಿ ಅಂಗಿಗೆ ಕಾಜಾ ಹಾಕುತ್ತ, ಎಣ್ಣೆ ಹೆಚ್ಚಾಯಿತೆಂದು ಹೇಳುತ್ತಿದ್ದರು.