ಹೂಂಕಾರಪ್ಪನ ಹೂಂ

ಕ್ಷೌರದ ಅಂಗಡಿಯವನೆಂದರೆ ಮಾತಿನ ಮಲ್ಲನೇ ಆಗಿರಬೇಕು, ಅವನ ನಾಲಿಗೆ ಕತ್ತರಿಗಿಂತ ಚುರುಕಾಗಿರಬೇಕು ಎಂದು ಲೋಕ ನಂಬಿದೆ. ಬಸ್ ನಿಲ್ದಾಣದ ಹಿಂದಿನ ಬೀದಿಯ ಈ ಅಂಗಡಿಯವನು ಆ ಪೈಕಿಯವನಲ್ಲ. ಅವನ ಬಾಯಿಂದ ಬರುವುದು ಒಂದೇ ಮಾತು: ಹೂಂ. ಗಿರಾಕಿ ಸೊಸೆಯನ್ನು ದೂರಿದರೂ ಹೂಂ, ಬಿಸಿಲನ್ನು ದೂರಿದರೂ ಹೂಂ. ಹಾಗಂತ ಎಲ್ಲ ಹೂಂ ಒಂದೇ ಅಲ್ಲ. ಮೇಲಕ್ಕೆತ್ತಿದರೆ ‘ಹೌದಾ’ ಎಂದರ್ಥ, ಇಳಿಸಿದರೆ ‘ಪಾಪ’, ಎಳೆದರೆ ‘ಆಮೇಲೇನಾಯ್ತು’. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಇವನದು ಎರಡನ್ನೂ ಬೆರೆಸಿ ಮಾಡಿದ ಒಡವೆ. ಹುಟ್ಟಿದಾಗಿನಿಂದ ದನಿಯೆತ್ತದ ಈ ಮನುಷ್ಯನಿಗೆ ಗಿರಾಕಿಗಳು ಹೂಂಕಾರಪ್ಪ ಎಂದು ಹೆಸರಿಟ್ಟುಬಿಟ್ಟರು. ಸಿಂಹಕ್ಕಿಡಬೇಕಾದ ಹೆಸರನ್ನು ಮೊಲಕ್ಕಿಟ್ಟಿದ್ದಾರೆ ಎಂದು ಅವನ ಹೆಂಡತಿ ಇಂದಿಗೂ ನಗುತ್ತಾಳೆ.

ಅವನ ಒಬ್ಬಳೇ ಮಗಳಿಗೆ ಅದು ಶಾಲೆಯ ಕೊನೆಯ ವರ್ಷ. ಅವಳು ಆರಿಸಿಕೊಂಡದ್ದು ಕಂಪ್ಯೂಟರ್ ವಿಜ್ಞಾನ. ಆ ವಿಷಯದಲ್ಲಿ ಒಳ್ಳೆಯ ಅಂಕ ಬಂದರಷ್ಟೇ ಮುಂದೆ ಅದನ್ನೇ ಓದಲು ಸೀಟು. ಇಲ್ಲವಾದರೆ ಸಿಕ್ಕಿದ್ದನ್ನು ಓದಬೇಕು. ಹುಡುಗಿಗೆ ಸಿಕ್ಕಿದ್ದು ಬೇಡ, ಇದೇ ಬೇಕು. ಆದರೆ ಪ್ರೋಗ್ರಾಂ ಬರೆಯುವುದು ಅವಳಿಗೆ ಕಬ್ಬಿಣದ ಕಡಲೆಯಾಗಿತ್ತು. ಪುಸ್ತಕದಲ್ಲಿ ಓದಿದಾಗ ಎಲ್ಲ ಸರಿ, ತಾನೇ ಬರೆಯಲು ಕೂತರೆ ಎಲ್ಲೋ ಒಂದು ಕಡೆ ಎಡವುತ್ತಿದ್ದಳು. ಗೊತ್ತಿಲ್ಲದವರಿಗೆ ಹೇಳಿ ಅರ್ಥ ಮಾಡಿಸಲು ಬಂದರೆ ನಿನಗೂ ಅರ್ಥವಾಗಿದೆ ಎಂದು ಲೆಕ್ಕ, ಅಂದಿದ್ದರು ಅವಳ ಮೇಷ್ಟ್ರು. ಗೆಳತಿಯರಿಗೆ ಪುರುಸೊತ್ತಿಲ್ಲ. ಅಮ್ಮನಿಗೆ ಹೇಳಲು ಹೋದರೆ ಎರಡನೇ ಸಾಲಿಗೇ ‘ಮೊದಲು ತಲೆ ಬಾಚ್ಕೋ’ ಅನ್ನುತ್ತಾಳೆ. ಕೊನೆಗೆ ಒಂದು ಬೆಳಿಗ್ಗೆ ಅಂಗಡಿಯ ತಿರುಗುವ ಕುರ್ಚಿಯಲ್ಲಿ ಕುಳಿತು, ಕನ್ನಡಿ ಒರೆಸುತ್ತಿದ್ದ ಅಪ್ಪನನ್ನು ಹಿಡಿದುಕೊಂಡಳು.

“ನೀನೇನೂ ಮಾಡ್ಬೇಡ ಅಪ್ಪ. ನಾನು ಹೇಳ್ತಾ ಹೋಗ್ತೀನಿ. ಅರ್ಥ ಆದ್ರೆ ಹೂಂ ಅನ್ನು, ಆಗ್ಲಿಲ್ಲ ಅಂದ್ರೆ ಸುಮ್ನಿರು.”

ಇಡೀ ಜೀವಮಾನ ತಾನು ಇದಕ್ಕೇ ತಾಲೀಮು ಮಾಡಿಕೊಂಡು ಬಂದಿದ್ದೇನೆ ಅನ್ನಿಸಿತು ಅವನಿಗೆ.

ಅಂದಿನಿಂದ ಗಿರಾಕಿಗಳು ಬರುವ ಮುನ್ನ ಅಂಗಡಿಯೇ ಶಾಲೆಯಾಯಿತು. ಅವನು ಬಾಚಣಿಗೆ ತೊಳೆಯುತ್ತಿದ್ದ, ಅವಳು ಪಾಠವನ್ನು ಅಂಗಡಿಗೇ ಹೋಲಿಸಿ ಹೇಳುತ್ತಿದ್ದಳು. ಒಗೆದು ಮಡಚಿಟ್ಟ ಟವೆಲುಗಳ ಅಟ್ಟಿಯಲ್ಲಿ ಕೊನೆಗಿಟ್ಟದ್ದೇ ಮೊದಲು ಕೈಗೆ ಬರುತ್ತದೆ, ಹೂಂ. ಬೆಂಚಿನ ಮೇಲೆ ಮೊದಲು ಬಂದು ಕೂತವರಿಗೇ ಮೊದಲ ಕುರ್ಚಿ, ಹೂಂ. ಎಷ್ಟೋ ಗಿರಾಕಿಗಳು ಬೆಂಚಿನಲ್ಲಿ ಕೂರುವುದೇ ಇಲ್ಲ. ಕೊನೆಯವರು ಯಾರೆಂದು ಕೇಳಿ, ‘ನಿಮ್ಮ ಹಿಂದೆ ನಾನು’ ಎಂದು ಹೇಳಿ ಚಹಾ ಕುಡಿಯಲು ಹೊರಟುಬಿಡುತ್ತಾರೆ. ಪೂರ್ತಿ ಸಾಲು ಯಾರ ತಲೆಯಲ್ಲೂ ಇರುವುದಿಲ್ಲ, ತನ್ನ ಹಿಂದೆ ಯಾರು ಎಂಬುದನ್ನಷ್ಟೇ ಒಬ್ಬೊಬ್ಬರು ನೆನಪಿಟ್ಟುಕೊಂಡಿರುತ್ತಾರೆ. ಕಂಪ್ಯೂಟರಿನಲ್ಲೂ ಇಂಥದೇ ಒಂದು ಸಾಲು ಇದೆ ಎಂದು ಮಗಳು ಹೇಳಿದಾಗ ಬಂದ ಹೂಂ ಅಂಗಡಿಯ ಆಚೆಗೂ ಕೇಳಿಸಿತು. ಅರ್ಥವಾಗದಾಗ ಅವನು ಬಾಯಿ ಬಿಡುತ್ತಿರಲಿಲ್ಲ. ಆಗ ಅವಳು ಹಿಂದಕ್ಕೆ ಹೋಗಿ ನೋಡಿದರೆ ತಪ್ಪು ಅಲ್ಲೇ ಕೂತಿರುತ್ತಿತ್ತು. ಕಂಪ್ಯೂಟರಿನ ತಲೆಬುಡ ಅವನಿಗೆ ಗೊತ್ತಿರಲಿಲ್ಲ ನಿಜ, ಆದರೆ ಕಥೆ ಎಲ್ಲಿ ಹಾರಿತು ಎಂಬುದು ಗೊತ್ತಾಗುತ್ತಿತ್ತು. ಕಥೆ ಕೇಳಿಯೇ ತಾನೆ ಅವನ ಕೂದಲು ನೆರೆತದ್ದು.

ಎಲ್ಲ ಸರಿಯಾಗಿಯೇ ನಡೆದಿತ್ತು. ಕೆಡಿಸಿದ್ದು ಅವನ ಹಾಳು ಮೃದು ಮನಸ್ಸು.

ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಂತೆ ಹುಡುಗಿ ಸೊರಗಿದಳು. ಅಪ್ಪ ಸುಮ್ಮನಾದರೆ ಸಾಕು, ಪೆನ್ಸಿಲ್ ಎಸೆದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವನ ಕರುಳು ಚುರುಕ್ ಎಂದಿತು. ಮರುದಿನದಿಂದ ಕೋಲೆ ಬಸವನ ಹಾಗೆ ಹೇಳಿದ್ದಕ್ಕೆಲ್ಲ ತಲೆಯಾಡಿಸತೊಡಗಿದ. ಹೂಂ ಮೇಲೆ ಹೂಂ. ಮಗಳ ಮುಖ ಅರಳಿತು, ಪಾಠ ಕುದುರೆಯ ಹಾಗೆ ಓಡಿತು, ಅವನೂ ಖುಷಿಯಾಗಿದ್ದ.

ಪರೀಕ್ಷೆಯಲ್ಲಿ ಅವಳು ಮುಗ್ಗರಿಸಿದಳು. ಪಟ್ಟಿಯ ನಡುವಿನ ಹೆಸರು ನೋಡಿ, ಬೇಕಾದ ಹೆಸರು ಅದಕ್ಕಿಂತ ಹಿಂದೋ ಮುಂದೋ ಎಂದು ತಿಳಿದು, ಬೇಡದ ಅರ್ಧವನ್ನು ಬಿಟ್ಟು ಹುಡುಕುವ ಪ್ರೋಗ್ರಾಂ ಅದು. ಹುಡುಕುವುದನ್ನು ಚೆನ್ನಾಗಿಯೇ ಬರೆದಿದ್ದಳು, ಮೊದಲು ಪಟ್ಟಿಯನ್ನು ಅಕ್ಷರದ ಕ್ರಮಕ್ಕೆ ಜೋಡಿಸುವುದನ್ನೇ ಮರೆತಿದ್ದಳು. ಹೀಗೇ ಆದರೆ ಬೇರೆ ವಿಷಯ ನೋಡಿಕೋ ಎಂದರು ಮೇಷ್ಟ್ರು. ಅವಳು ನೇರ ಅಂಗಡಿಗೆ ಬಂದಳು.

“ಅಪ್ಪ, ಇದನ್ನ ಹೇಳ್ದಾಗ ನಿಂಗೆ ನಿಜವಾಗ್ಲೂ ಅರ್ಥ ಆಗಿತ್ತಾ?”

ಇಲ್ಲ ಎಂದು ಒಪ್ಪಿಕೊಂಡ. ಎಲ್ಲ ಕಲಸಿಕೊಂಡು ಬಿದ್ದಿರುವಾಗ ನಡುವಿನದನ್ನು ನೋಡಿ ಹಿಂದು ಮುಂದು ಹೇಗೆ ಗೊತ್ತಾಗುತ್ತದೆ ಎಂದು ಅವತ್ತೇ ಅನ್ನಿಸಿತ್ತು.

“ಮತ್ತೆ ಯಾಕೆ ಹೂಂ ಅಂದೆ?”

“ನೀನು ಅಳ್ತಿದ್ದೆ ಪುಟ್ಟಿ.”

“ಅತ್ರೆ ಕಣ್ಣು ಒರೆಸ್ಕೋಬಹುದಪ್ಪ. ನಿನ್ನ ಹೂಂ ನಂಬ್ಕೊಂಡೇ ನಾನು ಮುಂದೆ ಹೋಗೋದು.”

ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ತನ್ನ ಹೂಂಗೆ ಇಷ್ಟು ತೂಕವಿದೆ ಎಂದು ಅದುವರೆಗೆ ಯಾರೂ ಅವನಿಗೆ ಹೇಳಿರಲಿಲ್ಲ.

ಆಮೇಲೆ ಅವನು ಹೂಂ ವಿಷಯದಲ್ಲಿ ಮಹಾ ಜಿಪುಣನಾದ. ಮಗಳು ಅತ್ತರೆ ಟವೆಲು ಕೊಡುತ್ತಿದ್ದ, ಹೂಂ ಮಾತ್ರ ಕೊಡುತ್ತಿರಲಿಲ್ಲ. ಈ ಚಾಳಿ ಗಿರಾಕಿಗಳಿಗೂ ತಟ್ಟಿತು. ನಿವೃತ್ತ ಅಂಚೆಯಣ್ಣ ಒಬ್ಬರು ಬಹಳ ಕಾಲದಿಂದ ತಮ್ಮ ಭಾವನ ಜೊತೆಗಿನ ಜಗಳದ ಕಥೆ ಹೇಳುತ್ತ ಬಂದಿದ್ದರು. ಒಂದು ದಿನ ಕಥೆಯ ನಡುವೆ ಹೂಂ ನಿಂತೇಹೋಯಿತು. ಅವರು ಹಿಂದಕ್ಕೆ ಹೋಗಿ ಮತ್ತೆ ಹೇಳಿದರು, ಇನ್ನೊಮ್ಮೆ ಹೇಳಿದರು, ಕೊನೆಗೆ ತಪ್ಪು ತಮ್ಮದೇ ಇರಬಹುದೇನೋ ಎಂದು ಗೊಣಗಿಕೊಂಡು ಮನೆಗೆ ಹೋದರು. ಆ ವಾರ ಭಾವನನ್ನು ಊಟಕ್ಕೆ ಕರೆದರಂತೆ.

ಮುಖ್ಯ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಪರೀಕ್ಷಕರು ಬಂದು, ಯಂತ್ರದ ಮುಂದೆ ಕೂರಿಸಿ, ಪ್ರೋಗ್ರಾಂ ಬರೆಸಿ ಓಡಿಸಿ ನೋಡುವ ಪರೀಕ್ಷೆ. ಹೂಂಕಾರಪ್ಪನ ಕೈ ಕತ್ತರಿಯ ಮೇಲೆ, ಕಣ್ಣು ಬೀದಿಯ ಮೇಲೆ. ಕುರ್ಚಿಯಲ್ಲಿದ್ದ ಅಂಚೆಯಣ್ಣನವರ ಒಂದು ಕಡೆಯ ಕೆನ್ನೆಗೂದಲು ಕಿವಿಯವರೆಗೂ ಏರಿತ್ತು. ಪುಣ್ಯಕ್ಕೆ ಅವರು ಕನ್ನಡಕ ತೆಗೆದಿಟ್ಟಿದ್ದರು.

ಮಗಳು ಬಂದಳು. ಬೆಂಚಿನ ಮೇಲೆ ಕುಳಿತು ನೀರು ಕುಡಿದಳು. ಅವನಿಗೆ ಕೇಳುವ ಧೈರ್ಯವಿಲ್ಲ.

ಬಂದದ್ದು ಅದೇ ಸಾಲಿನ ಪ್ರಶ್ನೆಯಂತೆ. ತನ್ನ ಹಿಂದೆ ಯಾರು ಎಂಬುದಷ್ಟೇ ಗೊತ್ತಿರುವವರ ಸಾಲಿನಿಂದ ನಡುವಿನ ಒಬ್ಬನನ್ನು ತೆಗೆದುಹಾಕಬೇಕು. ಬರೆದಳು, ಓಡಿಸಿದಳು, ಪ್ರೋಗ್ರಾಂ ನಡುವೆಯೇ ನಿಂತುಹೋಯಿತು. ಮತ್ತೆ ಓಡಿಸಿದಳು, ಮತ್ತೆ ಅದೇ ಗತಿ. ಪಕ್ಕದವರೆಲ್ಲ ಮುಗಿಸಿ ಏಳುತ್ತಿದ್ದರು.

“ಆಗ ಕಣ್ಮುಚ್ಚಿ ನಿನ್ನನ್ನ ಮುಂದೆ ನಿಲ್ಲಿಸ್ಕೊಂಡೆ ಅಪ್ಪ. ನೀನು ಬಾಚಣಿಗೆ ತೊಳೀತಿದ್ದೆ. ಪ್ರೋಗ್ರಾಂನ ಮೊದಲ್ನೇ ಸಾಲಿಂದ ಹೇಳ್ತಾ ಬಂದೆ. ನಡುವಿನವನನ್ನ ಹುಡುಕು ಅಂದೆ, ನೀನು ಹೂಂ ಅಂದೆ. ಅವನನ್ನ ಮನೆಗೆ ಕಳಿಸು ಅಂದೆ, ನೀನು ಹೂಂ ಅಂದೆ. ಇನ್ನು ಅವನನ್ನ ಕೇಳು, ನಿನ್ನ ಹಿಂದೆ ಯಾರು ಅಂತ, ಅಂದೆ. ನೀನು ಹೂಂ ಅನ್ನಲೇ ಇಲ್ಲ.”

“ಮನೆಗೆ ಹೋದವನನ್ನ ಕೇಳೋದು ಹೇಗೆ?” ಎಂದ ಹೂಂಕಾರಪ್ಪ, ತನಗೇ ಗೊತ್ತಿಲ್ಲದೆ.

“ಅದೇ ಅಪ್ಪ. ಮೊದ್ಲು ಕೇಳಿ ಆಮೇಲೆ ಕಳಿಸ್ಬೇಕಿತ್ತು. ಪ್ರೋಗ್ರಾಂನಲ್ಲಿ ಆ ಎರಡು ಸಾಲು ಹಿಂದುಮುಂದು ಮಾಡ್ದೆ ಅಷ್ಟೇ, ಓಡ್ತು. ಪರೀಕ್ಷಕರು ಎಲ್ಲ ನೋಡಿ, ಮುಂದೆ ಇದನ್ನೇ ಓದಮ್ಮ ಅಂದ್ರು.”

ಅವನು ಕತ್ತರಿಯನ್ನು ಕೆಳಗಿಟ್ಟ. ಮಗಳ ಮುಖವನ್ನು ನೋಡಿ ಹೂಂ ಅನ್ನಲು ಬಾಯಿ ತೆರೆದ. ಹೂಂ ಬರಲಿಲ್ಲ, ಟವೆಲು ತೆಗೆದು ತನ್ನ ಕಣ್ಣನ್ನೇ ಒರೆಸಿಕೊಂಡ.

ಅರ್ಧ ಕ್ಷೌರದಲ್ಲಿದ್ದ ಅಂಚೆಯಣ್ಣ ಬೆಂಚಿನತ್ತ ತಿರುಗಿದರು.

“ಇನ್ನೊಂದ್ಸಲ ಹೇಳಮ್ಮ ಮಗಳೇ. ನಿಮ್ಮಪ್ಪನಿಗೆ ಅರ್ಥ ಆಗ್ಲಿಲ್ಲ ಅಂತ ಕಾಣುತ್ತೆ.”