ಕಾಗವಾಡದಲ್ಲಿ ನಿಲ್ಲಿಸದ ಜೀಪು

ಮೊನ್ನೆ ಪಕ್ಕದ ಮನೆಯಲ್ಲಿ ಬಾಣಂತಿಗೆ ಅಜವಾನದ ಹೊಗೆ ಹಾಕಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ವೈನಿ ನೆನಪಾದರು... ನನ್ನ ಅಣ್ಣನ ಹೆಂಡತಿ. ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ, 'ತಮ್ಮಾ' ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆ ಅದು. ಶೇಡಬಾಳದ ನಮ್ಮ ತೋಟದಲ್ಲಿ ದ್ರಾಕ್ಷಿ ಚೆನ್ನಾಗಿ ಬಂದು, ಅಣ್ಣ ಹಳೆಯ ಜೀಪೊಂದನ್ನು ಕೊಂಡಿದ್ದ. ಜೀಪಿನ ಹಿಂದೆಯೇ ದೊಡ್ಡಸ್ತಿಕೆಯೂ ಮನೆ ಹೊಕ್ಕಿತು. ವೈನಿಗೆ ಎರಡನೆಯ ಬಸಿರು. ಮೊದಲನೆಯದು ಕಾಗವಾಡದ ಸರಕಾರಿ ದವಾಖಾನೆಯಲ್ಲಿ, ಸಿಸ್ಟರ್ ಬಾಯಿಯ ಕೈಯಲ್ಲಿ ಸುಸೂತ್ರವಾಗಿ ಆಗಿತ್ತು. ಈ ಸಲವೂ ಅಲ್ಲಿಗೇ ಹೋಗುತ್ತೇನೆಂದು ವೈನಿ ತಿಂಗಳುಗಟ್ಟಲೆ ಹೇಳಿದರು. ಕೇಳುವವರು ಯಾರು?

"ಮಗ್ಗಲ ಮನಿ ಸೊಸಿ ಮಿರಜಿಗೆ ಹೋಗಿ ಹಡದ ಬಂದಾಳ. ನಮ್ಮಾಕಿ ಸರಕಾರಿ ಮಂಚದ ಮ್ಯಾಲೆ ಮಲಗಬೇಕೇನು?" ಎಂದಳು ಅವ್ವ.

"ಹಡಿಯಾಕಿ ನಾನೋ, ಜೀಪೋ?" ಎಂದರು ವೈನಿ.

ಎಲ್ಲರೂ ನಕ್ಕೆವು. ನಕ್ಕು, ಮಿರಜಿನ ಖಾಸಗಿ ದವಾಖಾನೆಯಲ್ಲಿ ಖೋಲಿ ಹೇಳಿ ಬಂದೆವು.

ನೋವು ಶುರುವಾದದ್ದು ಕಬ್ಬಿನ ಹಂಗಾಮಿನಲ್ಲಿ. ಮಿರಜಿನಲ್ಲಿ ಎಲ್ಲ ತಯಾರಿ ಮಾಡಿಸಲು ಅಣ್ಣ ಮೋಟಾರ್ ಸೈಕಲ್ ಮೇಲೆ ಮುಂದೆ ಹೋದ. ಜೀಪು ನಡೆಸುತ್ತಿದ್ದವನು ನಾನು. ಹಿಂದೆ ವೈನಿ, ಅವ್ವ. ದಾರಿಯಲ್ಲೇ ಕಾಗವಾಡದ ದವಾಖಾನೆ ಕಂಡಾಗ ಹಿಂದಿನಿಂದ ವೈನಿಯ ದನಿ ಬಂತು: "ತಮ್ಮಾ, ಇಲ್ಲೇ ನಿಲ್ಲಸೋ. ತಡಕೊಳ್ಳಾಕ ಆಗವಲ್ತು."

ಕನ್ನಡಿಯಲ್ಲಿ ನೋಡಿದೆ. 'ನಡಿ' ಎಂಬಂತೆ ಅವ್ವ ಕೈ ಮಾಡಿದಳು. ನಾನು ಜೀಪು ಮುಂದೆ ಬಿಟ್ಟೆ.

ಊರು ದಾಟಿದ ಮೇಲೆ ಕಬ್ಬು ಹೇರಿದ ಟ್ರೇಲರೊಂದು ರಸ್ತೆಗೆ ಅಡ್ಡ ಮಗುಚಿತ್ತು. ಹಿಂದೆ ಸಾಲುಗಟ್ಟಿ ಗಾಡಿಗಳು, ತಿರುಗಿಸಲೂ ಜಾಗವಿಲ್ಲ. ಮಗು ಜೀಪಿನಲ್ಲೇ ಹುಟ್ಟಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಬಿಡಿಸಲು ಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಅದು ಅಳಲೇ ಇಲ್ಲ...

"ಕಾಗವಾಡದಾಗರ ಯಾಕ ನಿಲ್ಲಸಲಿಲ್ಲೋ?" ಎಂದು ಅಣ್ಣ ನನ್ನ ಮೇಲೆ ಹರಿಹಾಯ್ದ. ಅವ್ವನ ಜೊತೆ ಸೇರಿ ಮಿರಜೇ ಬೇಕೆಂದು ಹಟ ಹಿಡಿದವನು ಅವನೇ! "ವೈನಿ ಕರದದ್ದು ಇಂಜಿನ್ ಸಪ್ಪಳದಾಗ ಕೇಳಸಲಿಲ್ಲ" ಎಂದುಬಿಟ್ಟೆ. ಅವ್ವ ನೆಲ ನೋಡುತ್ತ ಕುಳಿತಳು.

ಮುಂದೆ ಯಾರಾದರೂ ಆ ಮಾತು ತೆಗೆದರೆ ವೈನಿಯೇ ಅಡ್ಡ ಬರುತ್ತಿದ್ದರು: "ಬಿಡ್ರಿ, ಪಾಪ, ತಮ್ಮಗ ಕೇಳಸಿಲ್ಲ." ಒಂದು ಸಲವಾದರೂ ಬೈಯಬಾರದಿತ್ತೇ ಎಂದು ನನಗೆ ಅವರ ಮೇಲೆಯೇ ರೇಗುತ್ತಿತ್ತು. ಎಂಥ ಮನುಷ್ಯ ನಾನು.

ವೈನಿ ಹೋಗಿ ಈ ದೀಪಾವಳಿಗೆ ಒಂದು ವರ್ಷ. ಅಷ್ಟು ಕಾಲ ಒಂದೇ ಮನೆಯಲ್ಲಿ, ಅವರು ಬಡಿಸಿದ್ದನ್ನು ಉಂಡುಕೊಂಡಿದ್ದೆ; ಹೇಳಲು ಯಾವ ಹೊತ್ತಾದರೂ ಆಗುತ್ತಿತ್ತು. ಈಗ ಯಾರ ಯಾರ ಮುಂದೆಯೋ ಹೇಳುತ್ತಿದ್ದೇನೆ.

ನನಗೆ ಕೇಳಿಸಿತ್ತು.